ಮಾವ ಮೊಟ್ಟೆಯಿಟ್ಟ ಬೆಳಗು

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ತೊಟ್ಟಿಯಕ್ಕ ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಒಂದು ಮನೆಯಷ್ಟು ಅಗಲದ ದುಂಡು ತೊಟ್ಟಿಯ ಮೇಲ್ನೀರು ಕೊಳವೆಯಲ್ಲಿ ಹರಿದು ಬಂದು ಈ ಚಿಕ್ಕ ತೊಟ್ಟಿಗೆ ಬೀಳುತ್ತದೆ. ಬೀಳುವ ಜಾಗದಲ್ಲಿ ಹಿಟ್ಟಿನ ಜರಡಿಗಿಂತ ನವುರಾದ ಬಟ್ಟೆಯ ಚೀಲ ಕಟ್ಟಿದೆ. ರಾತ್ರಿಯೆಲ್ಲ ನೀರು ಸೋಸಿದ ಆ ಚೀಲವನ್ನು ಅವರು ಎರಡೂ ಕೈಯಲ್ಲಿ, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತುತ್ತಾರೆ. ತಳದಲ್ಲಿ ಏನೋ ಇದೆ. ನೆನೆದ ರವೆಯಂಥದ್ದು.

ಒಂದು ಚಮಚ ತೆಗೆದು ಗಾಜಿನ ಲೋಟದ ನೀರಿಗೆ ಬಿಡುತ್ತಾರೆ. ಲೋಟವನ್ನು ಬಲ್ಬಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಬಾಗಿಲ ಬಳಿ ಕೋಲೂರಿ ನಿಂತಿರುವ ಅತ್ತೆಗೆ ಅಷ್ಟು ತಾಳ್ಮೆಯಿಲ್ಲ.

"ಏನಾಯ್ತೇ? ತೇಲ್ತಾ?"

"ಮುಳುಗ್ತು ಅತ್ತೆ."

"ಎಲ್ಲಾನೂ?"

"ಎಲ್ಲಾನೂ. ಒಂದೂ ಬಿಡದೆ."

ಫಲ ಕಟ್ಟಿದ ಮೀನಿನ ಮೊಟ್ಟೆ ಗಾಜಿನ ಮಣಿಯಂತೆ ತಿಳಿಯಾಗಿದ್ದು ನೀರಿನ ಮೇಲೆ ತೇಲುತ್ತದೆ. ಕಟ್ಟದ್ದು ಕೆಲವು ಗಂಟೆ ತೇಲಿ, ಆಮೇಲೆ ಬೆಳ್ಳಗಾಗಿ ತಳ ಸೇರುತ್ತದೆ. ಇವತ್ತಿನದು ತಳ ಸೇರಿದೆ. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂತುಬಿಡುತ್ತಿದ್ದರು. ತೊಟ್ಟಿಯಕ್ಕನ ಮುಖದಲ್ಲಿ ಮಾತ್ರ ನಗು ಹತ್ತಿಕೊಳ್ಳುತ್ತಿದೆ. "ಇಟ್ಟಿದ್ದಾರಲ್ಲ, ಅದೇ ದೊಡ್ಡದು! ನಿನ್ನೆ ಇಷ್ಟು ಹೊತ್ತಿಗೆ ಇವರು ಹೆಣ್ಣು ಅನ್ನೋದನ್ನೇ ಅರ್ಧ ಜನ ನಂಬಿರಲಿಲ್ಲ. ಮೊದಲ ಸಲ ದೋಸೆ ಹುಯ್ದೋರಿಗೂ ಮೊದಲ್ನೇದು ಕಿತ್ತೇ ಹೋಗುತ್ತೆ" ಎನ್ನುತ್ತಾರೆ.

ಮೊಟ್ಟೆಯಿಟ್ಟವರ ಹೆಸರು ಮಾವ. ಓದುವವರಿಗೆ ಗೊಂದಲವಾದರೆ ತಪ್ಪಿಲ್ಲ. ಇಲ್ಲಿನವರಿಗೂ ಆಗಿತ್ತು, ಅದೂ ಎಂಥ ಗೊಂದಲ! ಅದರಿಂದಾಗಿ ಮಾವನ ಜೀವವೇ ಹೋಗುವುದರಲ್ಲಿತ್ತು.

ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಈ ಮರಿಕೇಂದ್ರ ಇದೆ. ತಗಡಿನ ಮಾಡು, ಸಾಲಾಗಿ ತೊಟ್ಟಿಗಳು, ಗುರುಗುಟ್ಟುವ ಒಂದು ಪಂಪು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಬುಟ್ಟಿ ಬಲೆಗಳು. ಸುತ್ತ ಕಣ್ಣು ಹಾಯುವಷ್ಟು ದೂರ ಚೌಳು ನೀರಿನ ಹೊಂಡಗಳು. ಚೌಳು ನೀರೆಂದರೆ ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಎರಡೂ ಮನೆಗೆ ಸಲ್ಲುವ ಸಂಬಂಧಿಕರ ಹಾಗೆ. ಅದರಲ್ಲಿ ಬೆಳೆಯುವ ಮೀನುಗಳಲ್ಲಿ ಸೀಬಾಸ್ ದೊಡ್ಡದು. ಅಗಲ ಬಾಯಿ, ಬೆಳ್ಳಿ ಬಣ್ಣ, ತೀರದ ಹಸಿವು. ಹೊಂಡದಲ್ಲಿ ಬೆಳೆಯುತ್ತದೆ, ಆದರೆ ಹೊಂಡದಲ್ಲಿ ಮೊಟ್ಟೆಯಿಡುವುದಿಲ್ಲ. ಹೆರಿಗೆಗೆ ಅದಕ್ಕೆ ಕಡಲಷ್ಟೇ ಉಪ್ಪಿನ ನೀರು ಬೇಕು. ಹಾಗಾಗಿ ಹೊಂಡದವರೆಲ್ಲ ಸೇರಿ ಈ ತೊಟ್ಟಿಗಳನ್ನು ಕಟ್ಟಿಸಿದ್ದಾರೆ. ಇಲ್ಲಿ ಮೊಟ್ಟೆ ಒಡೆದು ಬೆರಳುದ್ದ ಬೆಳೆದ ಮರಿ ಹೊಂಡ ಹೊಂಡಕ್ಕೂ ಹೋಗುತ್ತದೆ. ಇಲ್ಲಿ ಮೊಟ್ಟೆಯಿಲ್ಲ ಎಂದರೆ ಅಲ್ಲಿ ಮೀನಿಲ್ಲ.

ಈ ತೊಟ್ಟಿಗಳನ್ನು ನೋಡಿಕೊಳ್ಳುವವರಿಗೆ ತೊಟ್ಟಿಯಕ್ಕ ಎಂಬ ಹೆಸರು ಬಿದ್ದು ಎಷ್ಟು ಕಾಲವಾಯಿತೋ ಅವರಿಗೇ ನೆನಪಿಲ್ಲ. ಸೊಸೆಯಾಗಿ ಬಂದಾಗ ತೊಟ್ಟಿ ನೋಡಿಕೊಳ್ಳುತ್ತಿದ್ದವರು ಅವರ ಮಾವ, ನಿಜವಾದ ಮಾವ. ಗಂಡ ಇಲ್ಲಿಯ ತೂಬು ಕಾಯುವವರು, ಊರಿಗೆಲ್ಲ ತೂಬಿನಣ್ಣ. ಅತ್ತೆಗೆ ವಯಸ್ಸು ಎಷ್ಟೆಂದು ಕೇಳಿದರೆ, "ಉಳಿದಿರೋ ಹಲ್ಲು ಎಣಿಸ್ಕೋ, ನೂರರಲ್ಲಿ ಕಳಿ" ಎನ್ನುತ್ತಾರೆ. ಮನೆ ಮರಿಕೇಂದ್ರದ ಹಿತ್ತಿಲಿಗೇ ಅಂಟಿಕೊಂಡಿದೆ. ಅಡುಗೆಮನೆ ಕಿಟಕಿ ತೆರೆದರೆ ಮಾವನ ತೊಟ್ಟಿ ಕಾಣುತ್ತದೆ. ತೊಟ್ಟಿಯಕ್ಕ ಒಲೆ ಮುಂದೆ ನಿಂತೂ ಪಂಪಿನ ಸದ್ದಿಗೆ ಒಂದು ಕಿವಿ ಕೊಟ್ಟಿರುತ್ತಾರೆ.

ಚೀಲ ಹಿಂಡಿ ಒಣಹಾಕಿದ ಮೇಲೆ ಅವರ ಮುಂದಿನ ಕೆಲಸ ವಿಚಿತ್ರವಾಗಿದೆ. ಕೋಲಿನ ತುದಿಗೆ ಕಟ್ಟಿದ ಬಿಳಿ ಬಟ್ಟೆಯ ತುಂಡೊಂದನ್ನು ಹಿಡಿದು ಅಳಿವೆಯ ಕಡೆಯ ತೂಬಿಗೆ ಹೋಗುತ್ತಾರೆ. ಉಬ್ಬರ ಏರುತ್ತಿದೆ. ತೂಬಿನಣ್ಣ ಹಲಗೆ ಎತ್ತಲು ಸಿದ್ಧವಾಗಿ ನಿಂತಿದ್ದಾರೆ, ಆದರೆ ಎತ್ತುವುದಿಲ್ಲ. ತೊಟ್ಟಿಯಕ್ಕ ಬಟ್ಟೆಯನ್ನು ನೀರಿನ ಮೇಲೆ ಉದ್ದಕ್ಕೆ ಎಳೆಯುತ್ತಾರೆ, ಎತ್ತಿ ನೋಡುತ್ತಾರೆ, ಮೂಗಿಗೆ ಹಿಡಿಯುತ್ತಾರೆ.

"ಏನಮ್ಮಾ, ಅಪ್ಪಣೆಯಾ?" ಗಂಡ ಕೇಳುತ್ತಾರೆ.

"ಅಪ್ಪಣೆ."

"ನಮ್ಮಪ್ಪನ ಅಂಗಿ ಕಣ್ರೀ ಅದು" ಎಂದು ತೂಬಿನಣ್ಣ ಹಲಗೆ ಎತ್ತುತ್ತಾ, ಮಾವನ ಸುದ್ದಿ ಕೇಳಿ ಬಂದಿರುವ ಪತ್ರಿಕೆಯವರಿಗೆ ವಿವರಿಸುತ್ತಾರೆ. "ಸತ್ತ ಮೇಲೂ ಅವರು ಹ್ಞೂಂ ಅನ್ನದೆ ಈ ಮನೇಲಿ ಒಂದು ಹನಿ ನೀರು ಅಲ್ಲಾಡಲ್ಲ."

ಆ ಅಂಗಿಗೆ ಕಾರಣವಿದೆ. ಅದನ್ನು ಹೇಳುವಾಗ ಮಾತ್ರ ತೊಟ್ಟಿಯಕ್ಕನ ದನಿ ಇಳಿಯುತ್ತದೆ.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತು. ಇದೇ ದೊಡ್ಡ ತೊಟ್ಟಿಯಲ್ಲಿ ಆಗ ಎರಡು ತಾಯಿಮೀನುಗಳಿದ್ದವು. ಬಲಿತ ಮೇಲೆಯೇ ಕೊಂಡುತಂದವು. ಒಂದಕ್ಕೆ ದೊಡ್ಡಮ್ಮ, ಇನ್ನೊಂದಕ್ಕೆ ಚಿಕ್ಕಮ್ಮ ಎಂದು ಹೆಸರು. ಜೊತೆಗೆ ಮಾವ, ಆಮೇಲೆ ನಾಲ್ಕೈದು ಎಳೆಯ ಗಂಡುಗಳು. ಮೇಲ್ದಂಡೆಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ಒಂದು ಶೆಡ್ಡಿದೆ. ಅಲ್ಲಿ ನೆಲದ ಮೇಲೆ ಬಿದ್ದಿದ್ದ ಸುಟ್ಟ ಎಣ್ಣೆಯನ್ನೆಲ್ಲ ಮೊದಲ ಮಳೆ ತೊಳೆದು ಅಳಿವೆಗೆ ಹಾಕಿತು. ಉಬ್ಬರ ಅದನ್ನು ತಂದು ತೂಬಿನ ಬಾಯಿಗೆ ಇಟ್ಟಿತು. ಮೋಡದ ದಿನ, ನೀರಿನ ಮೇಲೆ ಬಣ್ಣ ಕಾಣಲಿಲ್ಲ. ತೂಬು ತೆರೆಯಿತು.

"ಮರಿ ತೊಟ್ಟಿ ಮೊದಲು ಸುಮ್ಮನಾಯ್ತು. ಮರಿಗಳಿದ್ದ ತೊಟ್ಟಿ ಹೇಗಿರುತ್ತೆ ಗೊತ್ತಾ? ಸಣ್ಣ ಮಳೆ ಬಿದ್ದ ಹಾಗೆ ಪಟಪಟ ಅಂತಿರುತ್ತೆ. ಅದು ನಿಂತುಹೋಯ್ತು. ಆಮೇಲೆ ದೊಡ್ಡಮ್ಮ. ಮಾರನೇ ದಿನ ಚಿಕ್ಕಮ್ಮ. ಕಿವಿರೆಲ್ಲ ಅಂಟು ಅಂಟು. ಸತ್ತ ಮೀನು ಎತ್ತಿದ ಈ ಕೈಯಲ್ಲಿ ಮೂರು ದಿನ ನನಗೆ ಊಟ ಸೇರ್ಲಿಲ್ಲ."

ನಾಲ್ಕನೆಯ ದಿನ ತೊಟ್ಟಿಯಕ್ಕ ಸತ್ತ ಮರಿಗಳನ್ನು ಒಂದು ಬಕೆಟ್ಟಿನಲ್ಲಿ ತುಂಬಿಕೊಂಡು ಆ ಶೆಡ್ಡಿಗೆ ಹೋದರು. ಬೈಯಬೇಕೆಂದು ದಾರಿಯುದ್ದಕ್ಕೂ ಒಳ್ಳೊಳ್ಳೆ ಬೈಗುಳ ಜೋಡಿಸಿಕೊಂಡಿದ್ದರಂತೆ. ಬಾಗಿಲು ದಾಟಿದವರು ಬಕೆಟ್ಟನ್ನಷ್ಟೇ ಮೇಸ್ತ್ರಿಯ ಮುಂದಿಟ್ಟರು. ಮೇಸ್ತ್ರಿ ಬಗ್ಗಿ ನೋಡಿದರು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಆ ವಾರವೇ ಶೆಡ್ಡಿನಲ್ಲಿ ಸುಟ್ಟೆಣ್ಣೆಗೆಂದು ಡ್ರಮ್ಮು ಬಂತು, ನೆಲಕ್ಕೆ ಸಿಮೆಂಟಿನ ಕಟ್ಟೆ ಬಂತು. ಈಗ ದೊಡ್ಡ ಎಂಜಿನ್ ಬಿಚ್ಚುವ ದಿನ ಮೇಸ್ತ್ರಿಯೇ ಸೈಕಲ್ ಹತ್ತಿ ಬಂದು, "ಅಕ್ಕಾ, ಇವತ್ತು ತೂಬು ಸ್ವಲ್ಪ ತಡೀರಿ" ಎಂದು ಹೇಳಿ ಹೋಗುತ್ತಾರೆ. ಆದರೂ ಅಂಗಿ ಮಾತ್ರ ಪ್ರತಿ ಉಬ್ಬರಕ್ಕೂ ನೀರಿಗಿಳಿಯುತ್ತದೆ. ಎಣ್ಣೆ ಕಣ್ಣಿಗೆ ಸುಳ್ಳು ಹೇಳಬಹುದು, ಬಿಳಿ ಬಟ್ಟೆಗೆ ಹೇಳಲಾರದು.

ತೊಟ್ಟಿಯಲ್ಲಿ ಉಳಿದದ್ದು ಮಾವ ಮತ್ತು ಎಳೆಯ ಗಂಡುಗಳು. ಇವಕ್ಕೆ ಮನೆಯಲ್ಲಿ ಅಳಿಯಂದಿರು ಎಂದು ಹೆಸರು. ಹೆಣ್ಣಿಲ್ಲದ ಮನೆಯಲ್ಲಿ ತೊಟ್ಟಿಲು ತೂಗುವುದೆಲ್ಲಿ? ಇಡೀ ವರ್ಷ ಹೊಂಡದವರು ದೂರದಿಂದ ಮರಿ ತರಿಸಿದರು. ದಾರಿಯಲ್ಲೇ ಅರ್ಧ ಸಾಯುತ್ತಿದ್ದವು. ಹೊಂಡದವರ ಸಂಘದ ಅಧ್ಯಕ್ಷರು ಒಳ್ಳೆಯ ಮನುಷ್ಯ, ಆದರೆ ಒಳ್ಳೆಯ ಮನುಷ್ಯರಿಗೂ ಸಾಕಾಗುತ್ತದೆ. "ತೊಟ್ಟಿಯಕ್ಕ, ಈ ಸಲವೂ ಇಲ್ಲಿ ಮೊಟ್ಟೆ ಆಗದಿದ್ರೆ ಮರಿಕೇಂದ್ರಕ್ಕೆ ಬೀಗ ಹಾಕೋಣ. ಬರೀ ಗಂಡುಗಳಿಗೆ ಅನ್ನ ಹಾಕೋಕೆ ಇದೇನು ಹಾಸ್ಟೆಲ್ಲಾ?" ಎಂದುಬಿಟ್ಟರು.

ಮಾವನಿಗೆ ಆ ಹೆಸರಿಟ್ಟವರು ಅತ್ತೆ. ಎಂಟು ವರ್ಷದ ಹಿಂದೆ, ನಿಜವಾದ ಮಾವ ತೀರಿಕೊಂಡ ಹೊಸದರಲ್ಲಿ, ಅಳಿವೆಯಲ್ಲಿ ಸಿಕ್ಕಿದ ಈ ಮೀನನ್ನು ತೂಬಿನಣ್ಣ ತಂದು ತೊಟ್ಟಿಗೆ ಬಿಟ್ಟರು. ಆಗ ಮೊಳದುದ್ದವೂ ಇರಲಿಲ್ಲ. ಮೊದಲ ದಿನ ಊಟ ಹಾಕುವುದು ಸ್ವಲ್ಪ ತಡವಾಯಿತು. ಮೀನು ಮೇಲೆ ಬಂದು ಬಾಲದಿಂದ ಫಟ್ಟೆಂದು ನೀರಿಗೆ ಹೊಡೆಯಿತು. ದಂಡೆಯಲ್ಲಿ ಕೂತಿದ್ದ ಅತ್ತೆಯ ಮುಖ ತೊಯ್ದು ತೊಪ್ಪೆಯಾಯಿತು. ದುಃಖದಲ್ಲಿ ವಾರಗಟ್ಟಲೆ ಬಾಯಿ ಬಿಡದ ಅತ್ತೆ ಅವತ್ತು ಮೊದಲ ಸಲ ನಕ್ಕರು.

"ನೋಡೇ, ಥೇಟು ನಿಮ್ಮ ಮಾವ! ಅದೇ ದವಡೆ, ಅದೇ ಗುರಾಯಿಸೋದು. ಊಟ ಒಂದು ಗಳಿಗೆ ತಡ ಆದ್ರೆ ತಟ್ಟೆ ಕುಟ್ಟೋರಲ್ಲ, ಅದೇ ಕುಟ್ಟು!"

ಅವತ್ತಿನಿಂದ ಅದು ಮಾವ. ಮನೆಯಲ್ಲಿ ಅದಕ್ಕೆ ಬಹುವಚನ. "ಮಾವ ಉಂಡ್ರಾ?" "ಮಾವಂಗೆ ಇವತ್ತು ಸಿಟ್ಟು." ಅತ್ತೆ ದಿನಾ ಸಂಜೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಗಂಡನಿಗೆ ಹೇಳದೆ ಉಳಿದ ಮಾತುಗಳನ್ನೆಲ್ಲ ಮೀನಿಗೆ ಹೇಳುತ್ತಾರೆ. "ಇವರು ಒಳ್ಳೇವರು. ಪೂರ್ತಿ ಕೇಳಿಸ್ಕೋತಾರೆ" ಎಂಬುದು ಅವರ ಅಭಿಪ್ರಾಯ.

ಈ ವರ್ಷ ಮಾವನ ಆರೋಗ್ಯ ಕೆಟ್ಟಿತು. ಕೆಟ್ಟಿತು ಎಂದು ಎಲ್ಲರೂ ತಿಳಿದರು. ಗಂಡುಮೀನಿನ ಹೊಟ್ಟೆಯನ್ನು ಕಾಲಕ್ಕೆ ಸರಿಯಾಗಿ ಮೆಲ್ಲಗೆ ಒತ್ತಿದರೆ ಹಾಲಿನಂಥದ್ದು ಬರುತ್ತದೆ. ಪ್ರತಿ ವರ್ಷ ಬರುತ್ತಿತ್ತು, ಈ ಸಲ ಒಂದು ತೊಟ್ಟೂ ಬರಲಿಲ್ಲ. ಮೈ ದಪ್ಪವಾಗುತ್ತ ಹೋಯಿತು. ಹೊಟ್ಟೆ ಊದಿಕೊಂಡಿತು. ಈಜು ನಿಧಾನವಾಯಿತು. ಹೋದ ವರ್ಷದ ಎಣ್ಣೆಯ ಏಟು ತಿಂದ ಮನೆ. ಹಗ್ಗ ಕಂಡರೂ ಹಾವೆಂದು ಹೆದರುವ ಮನಸ್ಸು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ ಎಂದು ತೊಟ್ಟಿಯಕ್ಕನಿಗೆ ಅನಿಸಿತು. ಪರೀಕ್ಷೆ ಮಾಡಲು ವಾರಕ್ಕೊಮ್ಮೆ ಬರುವ ಹುಡುಗಿಗೂ ಅದೇ ಅನಿಸಿತು. ಮೀನಿನ ವಿಷಯದಲ್ಲೇ ಓದಿದವಳು ಅವಳು, ಎಲ್ಲರ ಬಾಯಲ್ಲಿ ಡಾಕ್ಟರಮ್ಮ. ಕಾಯಿಲೆಯಾದರೆ ಅಳಿಯಂದಿರಿಗೂ ಹಬ್ಬುತ್ತದೆ. ಮಾವನನ್ನು ತೊಟ್ಟಿಯಿಂದ ಎತ್ತಿ ಮುಗಿಸಿಬಿಡುವುದು ಎಂದು ತೀರ್ಮಾನವಾಯಿತು.

"ಹ್ಞೂಂ ಅಂದೋಳು ನಾನೇ. ಹ್ಞೂಂ ಅಂದು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ. ಅವತ್ತು ಅಡುಗೆಗೆ ಈರುಳ್ಳಿ ಬೇಕಿರಲೇ ಇಲ್ಲ" ಎನ್ನುತ್ತಾರೆ ತೊಟ್ಟಿಯಕ್ಕ.

ಮಾರನೆಯ ಬೆಳಿಗ್ಗೆ ಬಟ್ಟೆಯ ಜೋಲಿಯಲ್ಲಿ ಮಾವನನ್ನು ನೀರಿನಂಚಿಗೆ ತಂದರು. ಇಬ್ಬರು ಹಿಡಿದರೂ ಜೋಲಿ ಜಗ್ಗುತ್ತಿತ್ತು. ಡಾಕ್ಟರಮ್ಮ ಪಕ್ಕದಲ್ಲಿದ್ದಳು. ಕೊನೆಯ ಸಲ ಮುಖ ನೋಡಲೆಂದು ಅತ್ತೆ ಕೋಲೂರಿಕೊಂಡು ಬಂದರು. ಬಗ್ಗಿ ನೋಡಿದರು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅಳುತ್ತಿದ್ದರೂ ಅವರ ಬಾಯಿ ಸುಮ್ಮನಿರಲಿಲ್ಲ.

"ಅಯ್ಯೋ ಇವರ! ಹೊಟ್ಟೆ ನೋಡೇ, ದಿನ ತುಂಬಿದ ಬಸುರಿ ಥರ ಕಾಣ್ತಾರೆ."

ತೂಬಿನಣ್ಣ ನಕ್ಕರು. ತೊಟ್ಟಿಯಕ್ಕನೂ ಮೂಗು ಒರೆಸುತ್ತಾ ನಕ್ಕರು. ಡಾಕ್ಟರಮ್ಮನೂ ನಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ತೊಟ್ಟಿಯಕ್ಕ ಅವಳನ್ನು ನೋಡಿದರು, ಅವಳು ತೊಟ್ಟಿಯಕ್ಕನನ್ನು ನೋಡಿದಳು.

ಈ ಮೀನಿನ ಜಾತಿಯೇ ಹಾಗೆ. ಹುಟ್ಟಿ ಬಲಿಯುವಾಗ ಹೆಚ್ಚು ಕಡಿಮೆ ಎಲ್ಲವೂ ಗಂಡು. ವರ್ಷಗಳು ಕಳೆದು ಮೈ ತುಂಬಿದ ಮೇಲೆ ಹೆಣ್ಣಾಗಿ ತಿರುಗುತ್ತವೆ. ಈ ದಂಡೆಯಲ್ಲಿ ಅದು ಹಸುಳೆಗೂ ಗೊತ್ತು. ತೊಟ್ಟಿಯಕ್ಕ ನೋಡಲು ಬಂದ ಶಾಲೆ ಮಕ್ಕಳಿಗೆಲ್ಲ ಇದನ್ನೇ ಹೇಳಿ ಬೆರಗುಗೊಳಿಸುತ್ತಿದ್ದವರು. ಡಾಕ್ಟರಮ್ಮ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು. ಆದರೆ ದೊಡ್ಡಮ್ಮ, ಚಿಕ್ಕಮ್ಮ ಬರುವಾಗಲೇ ಹೆಣ್ಣಾಗಿ ಬಂದಿದ್ದವು. ತಿರುಗುವುದನ್ನು ಈ ತೊಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಂಟು ವರ್ಷ ಬಾಯಿ ತುಂಬ ಮಾವ ಮಾವ ಎಂದು ಕರೆದವರಿಗೆ ಮಾವ ಹೆಣ್ಣಾದಾರು ಎಂದು ಹೊಳೆಯುವುದಾದರೂ ಹೇಗೆ?

"ಬೇರೆ ಯಾವ ಮೀನಾಗಿದ್ರೂ ನಮಗೆ ತಕ್ಷಣ ಗೊತ್ತಾಗ್ತಿತ್ತು. ಇವರು ಮಾವ ಅಲ್ವಾ! ಸಲುಗೆಯಿಂದ ಇಟ್ಟ ಹೆಸರು ನಮ್ಮ ಕಣ್ಣು ಕಟ್ಟಿತ್ತು" ಎಂದು ತೊಟ್ಟಿಯಕ್ಕ ಹಣೆ ಚಚ್ಚಿಕೊಂಡು ನಗುತ್ತಾರೆ.

ಡಾಕ್ಟರಮ್ಮ ಮೆತ್ತನೆಯ ಸಣ್ಣ ಕೊಳವೆ ಹಾಕಿ ನೋಡಿದಳು. ಕೊಳವೆಯಲ್ಲಿ ಕಂಡದ್ದು ರೋಗದ ನೀರಲ್ಲ, ಬಲಿಯುತ್ತಿರುವ ಮೊಟ್ಟೆಗಳು. ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ತೊಟ್ಟಿಯಕ್ಕ ಜೋಲಿ ಹಿಡಿದೇ ಅತ್ತರಂತೆ, ಈ ಸಲ ಈರುಳ್ಳಿಯ ನೆಪವಿಲ್ಲದೆ. ಅತ್ತೆ ಮಾತ್ರ ಕೋಲನ್ನು ನೆಲಕ್ಕೆ ಕುಟ್ಟಿ ಹೇಳಿದರು: "ಬದುಕಿದ್ದಾಗ ಒಂದು ಲೋಟ ನೀರು ತಾವಾಗಿ ಎತ್ತಿ ಕುಡಿದವರಲ್ಲ. ಈಗ ಹೆರ್ತಾರಂತೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು. ಮಾವಂಗೂ ಒಂದು ಕಾಲ ಬಂತು ನೋಡು."

ಸುದ್ದಿ ಗಾಳಿಗಿಂತ ಮುಂಚೆ ಹೊಂಡಗಳಿಗೆ ತಲುಪಿತು. ಈ ಮೀನು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ಕೆಲವು ಸಂಜೆಗಳಲ್ಲಿ, ಕತ್ತಲು ಕವಿಯುವ ಹೊತ್ತಿಗೆ ಮೊಟ್ಟೆ ಬಿಡುತ್ತದೆ. ಈಗ ಅಮಾವಾಸ್ಯೆ ಕಳೆದಿದೆ. ಮೋಡ ಕಟ್ಟುತ್ತಿದೆ. ಮಳೆ ಹಿಡಿದರೆ ಅಳಿವೆಯ ನೀರು ಸಪ್ಪೆಯಾಗುತ್ತದೆ, ಸಪ್ಪೆ ನೀರಿನಲ್ಲಿ ಇವರು ಹೆರುವುದಿಲ್ಲ. ಅಂದರೆ ಇದೊಂದೇ ಸರದಿ. ಇದು ತಪ್ಪಿದರೆ ಅಧ್ಯಕ್ಷರ ಬೀಗ.

ನಿನ್ನೆ ಸಂಜೆ ಹಾಗಾಗಿ ಇಡೀ ದಂಡೆಯೇ ತೊಟ್ಟಿಯ ಸುತ್ತ ನೆರೆದಿತ್ತು. ಹೊಂಡದವರು, ಅವರ ಹೆಂಡಿರು ಮಕ್ಕಳು, ದೋಣಿ ಶೆಡ್ಡಿನ ಮೇಸ್ತ್ರಿ, ಹೊಸ ಅಂಗಿ ಹಾಕಿಕೊಂಡು ಬಂದ ಅಧ್ಯಕ್ಷರು. ಟಾರ್ಚು ಬಿಟ್ಟವರೆಷ್ಟೋ, ಕಟ್ಟೆ ಬಡಿದು ಕರೆದವರೆಷ್ಟೋ. ಯಾರೋ ಮಗುವನ್ನು ಎತ್ತಿ ಹಿಡಿದು "ನೋಡು, ತಾತ ಅಮ್ಮ ಆಗ್ತಾರೆ" ಎಂದು ತೋರಿಸುತ್ತಿದ್ದರು. ಅಳಿಯಂದಿರು ಹೆದರಿ ತಳದ ಮೂಲೆ ಸೇರಿದರು. ಹಾಲು ಬೆರೆಸುವ ಗಂಡು ಹತ್ತಿರವಿಲ್ಲದೆ ಮಾವ ಒಂಟಿಯಾಗಿ ಮೊಟ್ಟೆ ಬಿಟ್ಟರು. ಅದರ ಫಲ ಇವತ್ತು ಬೆಳಿಗ್ಗೆ ಲೋಟದ ತಳದಲ್ಲಿ ಬೆಳ್ಳಗೆ ಕೂತಿದೆ.

ತೊಟ್ಟಿಯಕ್ಕನಿಗೆ ಅದು ಅರ್ಥವಾಗಲು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಸಾಕಾಗುತ್ತದೆ. ಸೊಂಟಕ್ಕೆ ಕೈ ಇಟ್ಟು ಎದ್ದು ನಿಲ್ಲುತ್ತಾರೆ. "ಹೆರಿಗೆ ಕೋಣೆ ಬಾಗಿಲಲ್ಲಿ ಸಂತೆ ನೆರೆಸಿದ್ರೆ ಯಾರಿಗೆ ತಾನೇ ಮನಸ್ಸು ಬರುತ್ತೆ? ನಾಚಿಕೆ ಆಗಬೇಕು ನಮಗೆ. ಇವತ್ತು ಒಂದು ನರಪಿಳ್ಳೆಯೂ ಇಲ್ಲಿ ಸುಳೀಬಾರ್ದು."

ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಮೇಲೆ ಕಪ್ಪು ಬಟ್ಟೆಯ ನೆರಳು ಹರಡುತ್ತದೆ. ಗುರುಗುಟ್ಟುವ ಪಂಪನ್ನು ತೂಬಿನಣ್ಣ ಸಂಜೆಯ ಮಟ್ಟಿಗೆ ನಿಲ್ಲಿಸಿ, ಎತ್ತರದ ತೊಟ್ಟಿಯಿಂದ ನೀರು ತಾನಾಗಿ ಹರಿಯುವ ಹಾಗೆ ಏರ್ಪಾಡು ಮಾಡುತ್ತಾರೆ. ಅಳಿಯಂದಿರಿಗೆ ಒಳ್ಳೆಯ ತಾಜಾ ಮೀನಿನ ತುಂಡು ಬೀಳುತ್ತದೆ. ಅಧ್ಯಕ್ಷರು ಬಂದಾಗ ತೊಟ್ಟಿಯಕ್ಕ ಗೇಟಿನಲ್ಲೇ ತಡೆಯುತ್ತಾರೆ.

"ನಾನು ಅಧ್ಯಕ್ಷ ಕಣಮ್ಮ."

"ಸಂಘಕ್ಕೆ ಅಧ್ಯಕ್ಷರು ಸರ್. ಬಾಣಂತಿ ಕೋಣೆಗೆ ನಾನೇ ಅಧ್ಯಕ್ಷೆ. ನಾಳೆ ಬನ್ನಿ."

ಅಧ್ಯಕ್ಷರು ನಕ್ಕು ಹಿಂದಿರುಗುತ್ತಾರೆ. ಪತ್ರಿಕೆಯವರಿಗೂ ದೊಡ್ಡ ತೊಟ್ಟಿಯ ಬಳಿ ಪ್ರವೇಶವಿಲ್ಲ. ಅತ್ತೆಗೂ. ಅತ್ತೆ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. "ನನ್ನ ಗಂಡನ್ನ ನೋಡೋಕೆ ನಿನ್ನ ಕೇಳ್ಬೇಕೇನೇ?" ಎಂದು ಕೋಲು ಕುಟ್ಟುತ್ತಾರೆ. "ಇವತ್ತೊಂದು ದಿನ ಬೇಡ ಅತ್ತೆ, ನಿಮ್ಮನ್ನ ಕಂಡ್ರೆ ಅವರಿಗೆ ಮೊದಲೇ ಹೆದರಿಕೆ" ಎಂದ ಮೇಲೆ ಮುಖ ಅರಳಿಸಿಕೊಂಡು ಒಳಗೆ ಹೋಗುತ್ತಾರೆ.

ಬೇರೆ ಏನೂ ಮಾಡಲು ಇಲ್ಲದ ಆ ಹೊತ್ತಿನಲ್ಲಿ ತೊಟ್ಟಿಯಕ್ಕ ಪತ್ರಿಕೆಯವರಿಗೆ ಗೋಡೆಯ ಬುಟ್ಟಿಗಳನ್ನು ತೋರಿಸುತ್ತಾರೆ. ಒಂದೊಂದಕ್ಕೆ ಒಂದೊಂದು ಅಳತೆಯ ತೂತು. ಒಂದು ವರ್ಷದಿಂದ ಮೊಳೆಯಲ್ಲೇ ನೇತಾಡಿ ಜೇಡ ಬಲೆ ಕಟ್ಟಿದೆ. ಅವರ ನಿಜವಾದ ಕಸುಬು ಇವುಗಳಲ್ಲಿದೆ. ಸೀಬಾಸ್ ಮರಿಗಳು ಎರಡು ಮೂರು ವಾರದವಾಗುತ್ತಲೇ ಒಂದನ್ನೊಂದು ನುಂಗಲು ಶುರುಮಾಡುತ್ತವೆ. ಒಂದೇ ತಾಯಿಯ ಮಕ್ಕಳು, ಆದರೂ ತುಸು ದೊಡ್ಡದು ತುಸು ಚಿಕ್ಕದನ್ನು ಬಿಡುವುದಿಲ್ಲ. ಅದಕ್ಕೇ ಮೂರು ನಾಲ್ಕು ದಿನಕ್ಕೊಮ್ಮೆ ಲಕ್ಷಗಟ್ಟಲೆ ಮರಿಗಳನ್ನು ನೀರೊಳಗೇ ಜರಡಿ ಹಿಡಿದು, ಸರೀಕರನ್ನು ಸರೀಕರ ಜೊತೆ ಬಿಡಬೇಕು. ಒರಟು ಕೈಗೆ ಸಿಕ್ಕರೆ ಮರಿಯ ಹೊರಪೊರೆ ಉಜ್ಜಿಹೋಗಿ ಸಾಯುತ್ತದೆ. ತೊಟ್ಟಿಯಕ್ಕ ಬುಟ್ಟಿಯನ್ನು ಅಲ್ಲಾಡಿಸುವುದಿಲ್ಲ, ಉಸಿರಾಡಿಸುತ್ತಾರೆ. ಚಿಕ್ಕವು ತಾವಾಗಿ ತೂತಿನಿಂದ ಇಳಿದುಹೋಗುತ್ತವೆ.

"ಅಣ್ಣ ತಮ್ಮನ್ನ ನುಂಗೋದು ಇವುಗಳಲ್ಲಿ ಬರೀ ಹಸಿವಿಗೆ. ಹಸಿವು ತೀರಿದ್ರೆ ಪಕ್ಕದಲ್ಲೇ ಈಜಾಡ್ತವೆ, ಹಗೆ ಇಲ್ಲ. ನಾನು ಮಾಡೋದು ಇಷ್ಟೇ, ಯಾರೂ ಯಾರ ಬಾಯಿಗೂ ಹಿಡಿಸದ ಹಾಗೆ ನೋಡ್ಕೊಳ್ಳೋದು." ಅವರು ಬೆರಳುಗಳನ್ನು ಬಿಡಿಸಿ ನೋಡಿಕೊಳ್ಳುತ್ತಾರೆ. ಉಪ್ಪುನೀರಿಗೆ ತುದಿಯೆಲ್ಲ ಸುಕ್ಕಾಗಿದೆ. "ಒಂದು ವರ್ಷದಿಂದ ಈ ಕೈಗೆ ಕೆಲಸ ಇಲ್ಲ. ತಿಂಡಿ ಮಾಡ್ತವೆ, ಬಟ್ಟೆ ಒಗೀತವೆ, ಎಲ್ಲಾ ಮಾಡ್ತವೆ. ಆದ್ರೆ ಮರಿ ಬೆರಳ ಸಂದೀಲಿ ಕಚಗುಳಿ ಇಟ್ಟು ಹೋಗೋ ಸುಖ ಇದೆಯಲ್ಲ… ನನಗೆ ಬೇರೇನೂ ಬೇಡ. ಈ ಬುಟ್ಟಿ ಇನ್ನೊಂದು ಸಲ ಮೊಳೆಯಿಂದ ಇಳೀಬೇಕು, ಅಷ್ಟೇ."

ಸಂಜೆ ಮರಿಕೇಂದ್ರದ ದೀಪಗಳೆಲ್ಲ ಆರುತ್ತವೆ. ತೊಟ್ಟಿಯಕ್ಕ ಅಡುಗೆಮನೆಯ ಕಿಟಕಿಯನ್ನೂ ಮುಚ್ಚುತ್ತಾರೆ. ಮುಚ್ಚಿ, ಅದರ ಪಕ್ಕದಲ್ಲೇ ಕೂತು ಕಿವಿಗೊಡುತ್ತಾರೆ.

ಬೆಳಗು. ಮತ್ತೆ ಮೊಣಕಾಲುದ್ದ ನೀರು, ಮತ್ತೆ ಅದೇ ಚೀಲ. ಇವತ್ತು ಚೀಲ ನಿನ್ನೆಗಿಂತ ಭಾರವಾಗಿದೆ. ಬೇಲಿಯ ಆಚೆ ಹೊಂಡದವರು ಸಾಲಾಗಿ ನಿಂತಿದ್ದಾರೆ, ಒಬ್ಬರೂ ಕೆಮ್ಮುತ್ತಿಲ್ಲ. ಅಧ್ಯಕ್ಷರು ಮೊನ್ನೆಯ ಹೊಸ ಅಂಗಿಯಲ್ಲೇ ಇದ್ದಾರೆ. ಡಾಕ್ಟರಮ್ಮ ಉಗುರು ಕಚ್ಚುತ್ತಿದ್ದಾಳೆ. ತೂಬಿನಣ್ಣ ಲೋಟವನ್ನು ಅಂಗಿಯ ತುದಿಯಲ್ಲಿ ಎರಡು ಸಲ ಒರೆಸಿ ಹೆಂಡತಿಗೆ ಕೊಡುತ್ತಾರೆ.

ಒಂದು ಚಮಚ. ಲೋಟದ ನೀರು ಕಲಕಿ ಮಬ್ಬಾಗುತ್ತದೆ. ಮಬ್ಬು ಮೆಲ್ಲಗೆ ತಿಳಿಯಾಗುತ್ತದೆ. ತೊಟ್ಟಿಯಕ್ಕ ಲೋಟವನ್ನು ಬಲ್ಬಿಗೆ ಹಿಡಿಯುವುದಿಲ್ಲ, ಆಗಷ್ಟೇ ಮೂಡುತ್ತಿರುವ ಸೂರ್ಯನಿಗೆ ಹಿಡಿಯುತ್ತಾರೆ. ತಳ ಖಾಲಿ. ನೀರಿನ ಮೇಲ್ಭಾಗದಲ್ಲಿ ಬೆಳಕು ಹಾಯುವ ಕಾಳುಗಳು ಒತ್ತೊತ್ತಾಗಿ ನಿಂತಿವೆ.

"ಏನಾಯ್ತೇ, ಬಾಯಿ ಬಿಡೇ!" ಅತ್ತೆಯ ಕೋಲು ಬಾಗಿಲಿಗೆ ಬಡಿಯುತ್ತದೆ.

ತೊಟ್ಟಿಯಕ್ಕ ನೀರಿನಿಂದ ಹತ್ತಿ ಬಂದು ಲೋಟವನ್ನು ಅತ್ತೆಯ ಕಣ್ಣಿನ ಹತ್ತಿರ ಹಿಡಿಯುತ್ತಾರೆ. ಅತ್ತೆಗೆ ಕಣ್ಣು ಮಂಜು. ಲೋಟವನ್ನು ಹತ್ತಿರ ತರುತ್ತಾರೆ, ದೂರ ಹಿಡಿಯುತ್ತಾರೆ, ಮತ್ತೆ ಹತ್ತಿರ ತರುತ್ತಾರೆ.

"ತೇಲ್ತಿದೆ" ಎನ್ನುತ್ತಾರೆ ಅತ್ತೆ. ಆಮೇಲೆ ಬೇಲಿಯ ಕಡೆ ತಿರುಗಿ, ಇಡೀ ದಂಡೆಗೆ ಕೇಳುವ ಹಾಗೆ: "ತೇಲ್ತಿದೆ ಕಣ್ರೋ! ಎಲ್ಲಾ ತೇಲ್ತಿದೆ!"

ಬೇಲಿಯಾಚೆ ಶಿಳ್ಳೆ, ಕೇಕೆ, ಚಪ್ಪಾಳೆ. ಅಧ್ಯಕ್ಷರು ಮೇಸ್ತ್ರಿಯನ್ನು ತಬ್ಬಿಕೊಳ್ಳುತ್ತಾರೆ, ಹೊಸ ಅಂಗಿಗೆ ಗ್ರೀಸ್ ಮೆತ್ತಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಡಾಕ್ಟರಮ್ಮ ಒದ್ದೆ ನೆಲದ ಮೇಲೆ ಮತ್ತೊಮ್ಮೆ ಕೂತುಬಿಡುತ್ತಾಳೆ. ಯಾರೋ ಕೂಗಿ ಕೇಳುತ್ತಾರೆ: ಇನ್ನು ಮೇಲೆ ಮಾವನ ಹೆಸರು ಬದಲಾಯಿಸಬೇಕಲ್ಲ, ಅತ್ತೆ ಅಂತ ಕರೆಯೋಣವೇ?

"ಈ ಮನೆಗೆ ಅತ್ತೆ ನಾನೊಬ್ಬಳೇ ಸಾಕು" ಎಂದು ಅತ್ತೆ ತಕ್ಷಣ ತೀರ್ಪು ಕೊಡುತ್ತಾರೆ. "ಅವರು ಮಾವನೇ. ಹೆತ್ತ ಮಾತ್ರಕ್ಕೆ ಹೆಸರು ಯಾಕೆ ಬಿಡ್ಬೇಕು?"

ನಾಳೆ ಬೆಳಗಾಗುವುದರೊಳಗೆ ಈ ಕಾಳುಗಳು ಒಡೆದು, ರೆಪ್ಪೆಗೂದಲಷ್ಟೂ ದಪ್ಪವಿಲ್ಲದ ಮರಿಗಳಾಗುತ್ತವೆ. ಮೊಟ್ಟೆಗಳನ್ನೆಲ್ಲ ಮರಿ ತೊಟ್ಟಿಗೆ ಇಳಿಸಿದ ಮೇಲೆ ತೊಟ್ಟಿಯಕ್ಕ ಗೋಡೆಯ ಬಳಿ ಹೋಗುತ್ತಾರೆ. ಬುಟ್ಟಿಗಳನ್ನು ಒಂದೊಂದಾಗಿ ಮೊಳೆಯಿಂದ ಇಳಿಸಿ, ಜೇಡರ ಬಲೆ ಒರೆಸಿ, ಬಿಸಿಲಿಗೆ ಬೋರಲು ಹಾಕುತ್ತಾರೆ. ಅಷ್ಟರಲ್ಲಿ ಪತ್ರಿಕೆಯವರು ಕ್ಯಾಮೆರಾ ಹಿಡಿದು, ಆ ಲೋಟ ಕೈಯಲ್ಲಿ ಹಿಡಿದುಕೊಂಡು ಒಂದು ನಿಮಿಷ ಇತ್ತ ನೋಡುತ್ತೀರಾ ಎಂದು ಕೇಳುತ್ತಾರೆ. ದೊಡ್ಡ ತೊಟ್ಟಿಯ ಕಡೆಯಿಂದ ಫಟ್ ಎಂದು ಒಂದು ಸದ್ದು.

ತೊಟ್ಟಿಯಕ್ಕ ಊಟದ ಬಕೆಟ್ಟು ಎತ್ತಿಕೊಂಡು ಆಗಲೇ ಅರ್ಧ ದಾರಿಯಲ್ಲಿದ್ದಾರೆ. "ನನ್ನ ಫೋಟೋಗೇನು, ಆಮೇಲೆ ತೆಗೀರಿ" ಎನ್ನುತ್ತಾರೆ ತಿರುಗಿ ನೋಡದೆ. "ಮೊದಲು ಬಾಣಂತಿಗೆ ಊಟ ಹಾಕಿ ಬರ್ತೀನಿ. ತಡ ಆದ್ರೆ ಮಾವ ಬಾಲ ಬಡೀತಾರೆ."